ಎರಡನೇ ಬಸ್ಸು ಖಾಲಿ ಬರುವುದೇಕೆ?

ನಮಸ್ಕಾರ ಕೇಳುಗರೇ.

ಗೊತ್ತಿಲ್ಲದ ದೊಡ್ಡ ಊರಿಗೆ ಬಂದು ಇಳಿದಿದ್ದೀರಿ ಅಂದುಕೊಳ್ಳಿ. ಕೈಯಲ್ಲೊಂದು ಚೀಲ, ಜೇಬಿನಲ್ಲೊಂದು ವಿಳಾಸ. ಎದುರಿಗೆ ಸಾಲಾಗಿ ನಿಂತ ಬಸ್ಸುಗಳು, ಪಕ್ಕದಲ್ಲೇ ಟ್ಯಾಕ್ಸಿ. ಮನಸ್ಸು ಸೀದಾ ಟ್ಯಾಕ್ಸಿ ಕಡೆ ಎಳೆಯುತ್ತದೆ, ಅಲ್ವಾ? ಬಸ್ಸು ಹತ್ತಿದರೆ ಎಲ್ಲಿಗೆ ಹೋಗಿ ಸೇರುತ್ತೇವೋ ಅನ್ನುವ ಭಯ. ನನಗೂ ಆ ಭಯ ಇತ್ತು. ಬಸ್ಸು ಹೇಗೆ ಓಡುತ್ತದೆ ಅಂತ ತಿಳಿಯುತ್ತಾ ಬಂದ ಹಾಗೆ ಅದು ಕರಗಿತು.

ಮೊದಲು ಕಾಯುವುದರ ಮಾತು. ಎಷ್ಟು ಹೊತ್ತು ಕಾದರೂ ಒಂದೂ ಬಸ್ಸಿಲ್ಲ. ಬಂದರೆ ಒಂದೇ ನಂಬರಿನ ಎರಡು ಬಸ್ಸು, ಒಂದರ ಬೆನ್ನಿಗೆ ಇನ್ನೊಂದು. ಡ್ರೈವರುಗಳೇ ಮಾತಾಡಿಕೊಂಡು ಹೀಗೆ ಬರುತ್ತಾರೆ ಅಂತ ತುಂಬಾ ಜನ ಬೈಯುತ್ತಾರೆ. ಆದರೆ ಯಾರೂ ಏನೂ ತಪ್ಪು ಮಾಡದೆಯೂ ಹೀಗಾಗುತ್ತದೆ. 10 ನಿಮಿಷಕ್ಕೊಂದರಂತೆ ಬಸ್ಸುಗಳು ಹೊರಟಿವೆ ಅನ್ನಿ. ಒಂದು ಬಸ್ಸು ಸಿಗ್ನಲ್ಲಿನಲ್ಲಿ 2 ನಿಮಿಷ ಸಿಕ್ಕಿಕೊಂಡಿತು. ಅಷ್ಟರಲ್ಲಿ ಮುಂದಿನ ಸ್ಟಾಪಿಗೆ ಇನ್ನೂ ನಾಲ್ಕು ಜನ ಬಂದು ಸೇರಿದರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರುವ ಅಜ್ಜಿ. ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ. ಬಾಗಿಲಲ್ಲೇ ನಿಂತು "ಇದು ಅಲ್ಲಿಗೆ ಹೋಗುತ್ತಾ?" ಅಂತ ಕೇಳುವವರು. ಇವರೆಲ್ಲ ಹತ್ತುವಷ್ಟರಲ್ಲಿ ಮತ್ತೆ ತಡ. ತಡವಾದಷ್ಟೂ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ, ಜನ ಜಾಸ್ತಿಯಾದಷ್ಟೂ ಮತ್ತಷ್ಟು ತಡ. ಹಿಂದಿನ ಬಸ್ಸಿಗೆ ಹತ್ತಿಸಿಕೊಳ್ಳಲು ಜನವೇ ಉಳಿದಿರುವುದಿಲ್ಲ. ಅದು ಸರಾಗವಾಗಿ ಓಡಿ ಮುಂದಿನದನ್ನು ಹಿಡಿದುಬಿಡುತ್ತದೆ.

ಇದರಿಂದ ನಮಗೇನು ನಷ್ಟ? ಗಂಟೆಗೆ 6 ಬಸ್ಸು ಸಮವಾಗಿ ಬಂದರೆ ನಾವು ಸರಾಸರಿ 5 ನಿಮಿಷ ಕಾಯುತ್ತೇವೆ. ಅದೇ 6 ಬಸ್ಸು ಜೋಡಿಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ 10 ನಿಮಿಷ. ಬಸ್ಸು ಅಷ್ಟೇ, ಕಾಯುವುದು ಎರಡರಷ್ಟು. ಅದಕ್ಕೇ ಕೆಲವು ಊರುಗಳಲ್ಲಿ ಬಸ್ಸನ್ನು ದಾರಿ ಮಧ್ಯದ ಸ್ಟಾಪಿನಲ್ಲಿ ಬೇಕಂತಲೇ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಒಳಗೆ ಕೂತವರಿಗೆ ಸುಮ್ನೆ ನಿಲ್ಲಿಸಿದ್ದಾರೆ ಅನ್ನಿಸುತ್ತದೆ. ಅದು ಮುಂದೆ ಕಾಯುತ್ತಿರುವವರಿಗಾಗಿ. ಹಾಗಾಗಿ, ತುಂಬಿ ತುಳುಕುವ ಬಸ್ಸು ಬಂದಾಗ ಹಿಂದೆ ಒಮ್ಮೆ ಕಣ್ಣು ಹಾಯಿಸಿ. ಅದೇ ನಂಬರಿನ ಇನ್ನೊಂದು ಕಂಡರೆ ಇದನ್ನು ಬಿಟ್ಟುಬಿಡಿ. ಅದರಲ್ಲಿ ಸೀಟು ಸಿಕ್ಕರೂ ಸಿಗಬಹುದು.

ನಂಬರ್ ಸರಿಯಿದ್ದರೆ ಸಾಲದು, ದಿಕ್ಕೂ ಸರಿಯಿರಬೇಕು. ಹೊಸ ಊರಿನಲ್ಲಿ ಒಮ್ಮೆ ನಾನು ಸರಿಯಾದ ನಂಬರಿನ ಬಸ್ಸನ್ನೇ ಹತ್ತಿದ್ದೆ, ಆದರೆ ರಸ್ತೆಯ ಈ ಬದಿಯಲ್ಲಿ. ಹೋಗಬೇಕಾದದ್ದು ಆ ಬದಿಯಿಂದ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನನ್ನ ಕೈಯಲ್ಲಿದ್ದ ಚೀಟಿ ನೋಡಿ, ತಾವೇ ಎದ್ದು ಡ್ರೈವರಿಗೆ ಹೇಳಿ ಬಸ್ಸು ನಿಲ್ಲಿಸಿದರು. ಎದುರಿನ ಸ್ಟಾಪನ್ನು ಬೆರಳು ಮಾಡಿ ತೋರಿಸಿದರು. ಅವತ್ತಿನಿಂದ ಬೋರ್ಡಿನ ಮೇಲೆ ನಂಬರಿಗಿಂತ ಮೊದಲು ಕೊನೆಯ ಸ್ಟಾಪಿನ ಹೆಸರು ಓದುತ್ತೇನೆ.

ಬಸ್ಸಿನ ಹುಟ್ಟಿನ ಕತೆ ನನಗೆ ಬಹಳ ಇಷ್ಟ. 1662ರಲ್ಲಿ ಪ್ಯಾರಿಸ್‌ನಲ್ಲಿ ಗಣಿತಜ್ಞ ಬ್ಲೇಸ್ ಪಾಸ್ಕಲ್ ಕುದುರೆ ಗಾಡಿಗಳನ್ನು ಗೊತ್ತಾದ ದಾರಿಯಲ್ಲಿ ಓಡಿಸುವ ಏರ್ಪಾಟು ಮಾಡಿದರು. ಆದರೆ ಸೈನಿಕರಿಗೆ, ಕೂಲಿಯವರಿಗೆ ಅದರಲ್ಲಿ ಪ್ರವೇಶ ಇರಲಿಲ್ಲ. ಮುಂದೆ ಅದು ನಿಂತುಹೋಯಿತು. 1826ರಲ್ಲಿ ಫ್ರಾನ್ಸಿನದೇ ನಾಂತ್ ಊರಿನಲ್ಲಿ ಮತ್ತೆ ಶುರುವಾದ ಗಾಡಿಗೆ ಆಮ್ನಿಬಸ್ ಅನ್ನುವ ಹೆಸರು ಬಂತು. ಲ್ಯಾಟಿನ್‌ನಲ್ಲಿ ಹಾಗೆಂದರೆ "ಎಲ್ಲರಿಗೂ". ಅದರ ಬಾಲವೇ ನಮ್ಮ ಬಾಯಲ್ಲಿ ಬಸ್ಸು. ಹೆಸರಿನಲ್ಲೇ ಎಲ್ಲರೂ ಇದ್ದಾರೆ.

ಹಾಗಂತ ಟ್ಯಾಕ್ಸಿ ಬೇಡ ಅನ್ನುತ್ತಿಲ್ಲ. ರೋಗಿ ಜೊತೆಗಿದ್ದಾಗ, ಸಾಮಾನು ಜಾಸ್ತಿ ಇದ್ದಾಗ, ಕೊನೆಯ ಬಸ್ಸು ಹೋದ ಮೇಲೆ ಅದೇ ಗತಿ. ಆದರೆ ಮೀಟರಿನ ಲೆಕ್ಕ ಗೊತ್ತಿರಲಿ. ಗಾಡಿ ಓಡುವಾಗ ಅದು ದೂರಕ್ಕೆ ದುಡ್ಡು ಎಣಿಸುತ್ತದೆ. ತೆವಳುವಾಗ, ನಿಂತಾಗ ಹೊತ್ತಿಗೆ ಎಣಿಸುತ್ತದೆ. ಅಂದರೆ ಟ್ರಾಫಿಕ್ ಜಾಮಿನಲ್ಲಿ ಕಾಲು ಇಂಚು ಸರಿಯದಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ. ಆಪಿನಲ್ಲಿ ಬುಕ್ ಮಾಡಿದರೆ ಎಷ್ಟಾಗಬಹುದು ಅಂತ ಮೊದಲೇ ಕಾಣುತ್ತದೆ ನಿಜ, ಆದರೆ ಮಳೆ ಬಂದಾಗ, ಆಫೀಸು ಬಿಡುವ ಹೊತ್ತಿಗೆ ದರ ಏರುತ್ತದೆ.

ಅದಕ್ಕೇ ನಾನು ಎರಡನ್ನೂ ಕೂಡಿಸುತ್ತೇನೆ. ಬಸ್ಸುಗಳಿಗೆ ಬೇರೆ ಲೇನ್ ಇರುವ ಊರಾದರೆ ರಷ್ ಹೊತ್ತಿನಲ್ಲಿ ಟ್ಯಾಕ್ಸಿಗಿಂತ ಬಸ್ಸೇ ಬೇಗ ತಲುಪುತ್ತದೆ. ಉದ್ದನೆಯ ದಾರಿಗೆ ಬಸ್ಸು. ಇಳಿದ ಮೇಲೆ ಗಲ್ಲಿಗಳೊಳಗಿನ ಒಂದೆರಡು ಕಿಲೋಮೀಟರಿಗೆ, ನಡೆಯಲಾಗದಿದ್ದರೆ, ಟ್ಯಾಕ್ಸಿ. ದುಡ್ಡೂ ಉಳಿಯುತ್ತದೆ, ಮನೆ ಬಾಗಿಲಿಗೂ ಹೋಗಿ ಇಳಿಯಬಹುದು.

ರಾತ್ರಿ ಹೊತ್ತಾದರೆ ದೀಪ ಇರುವ, ಜನ ಓಡಾಡುವ ಸ್ಟಾಪಿನಲ್ಲೇ ಇಳಿಯಿರಿ, ಅದು ಮನೆಗೆ ಸ್ವಲ್ಪ ದೂರವಾದರೂ ಪರವಾಗಿಲ್ಲ. ಟ್ಯಾಕ್ಸಿ ಹತ್ತುವ ಮುಂಚೆ ನಂಬರ್ ಪ್ಲೇಟ್ ನೋಡಿ, ಮನೆಯವರಿಗೆ ಆ ನಂಬರ್ ಕಳಿಸಿ. ಆಮೇಲೆ ಬಾಗಿಲು ಹಾಕಿಕೊಳ್ಳಿ.

ನಮಸ್ಕಾರ.