ಸೆಟ್ ಕೊಳ್ಳಬೇಡಿ, ಒಂದೊಂದಾಗಿ ಕೂಡಿಸಿ

ನಮಸ್ಕಾರ. ಮನೆಯಂಗಳದಲ್ಲಿ ತಮ್ಮ ಬೈಕನ್ನು ತಾವೇ ಬಿಚ್ಚಿ ಜೋಡಿಸುವ ಆಸೆಯುಳ್ಳವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, ಯಾವ ಟೂಲ್ ಸೆಟ್ ಕೊಳ್ಳಬೇಕು ಎಂಬುದು. ಸೆಟ್ಟನ್ನೇ ಕೊಳ್ಳಬೇಡಿ ಎಂಬುದು ನನ್ನ ಉತ್ತರ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನೂರೆಂಟು ತುಂಡುಗಳು ಹೊಳೆಯುತ್ತಿರುತ್ತವೆ, ನಿಜ. ಆದರೆ ಅಗ್ಗದ ಸೆಟ್ಟುಗಳಲ್ಲಿ ಬಹುಪಾಲು ತುಂಡುಗಳು ಒಮ್ಮೆಯೂ ಕೈಗೆ ಬರುವುದಿಲ್ಲ, ಪದೇ ಪದೇ ಬೇಕಾಗುವ ನಾಲ್ಕೈದು ಸ್ಪ್ಯಾನರುಗಳಾದರೋ ಮೆದು ಉಕ್ಕಿನವಾಗಿದ್ದು ಬೇಗನೆ ಬಾಯಿ ಅಗಲಿಸಿಕೊಳ್ಳುತ್ತವೆ.

ನಮ್ಮಲ್ಲಿ ಓಡುವ ಜಪಾನೀ ಮೂಲದ ಬೈಕುಗಳಿಗೆ 8, 10, 12, 14 ಮತ್ತು 17 ಮಿ.ಮೀ. ಅಳತೆಗಳಿದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. 8 ಮಿ.ಮೀ. ದಪ್ಪದ ಬೋಲ್ಟಿಗೆ ಜಪಾನೀ ಪದ್ಧತಿಯಲ್ಲಿ ಸಾಮಾನ್ಯವಾಗಿ 12ರ ತಲೆಯಿರುತ್ತದೆ, ಜರ್ಮನ್ ಪದ್ಧತಿಯಲ್ಲಿ 13ರದು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಗಾಡಿಯ ಬೋಲ್ಟುಗಳನ್ನೇ ಅಳೆದು ನೋಡಿ. ಸಡಿಲಿಸುವಾಗ ತೆರೆದ ಬಾಯಿಯ ಸ್ಪ್ಯಾನರಿಗಿಂತ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಲೇಸು, ಏಕೆಂದರೆ ಅವು ಬೋಲ್ಟಿನ ತಲೆಯನ್ನು ಸುತ್ತಲೂ ಹಿಡಿಯುತ್ತವೆ.

ಸ್ಕ್ರೂಡ್ರೈವರ್ ವಿಷಯದಲ್ಲಿ ನಾನು ಕಷ್ಟಪಟ್ಟೇ ಪಾಠ ಕಲಿತೆ. ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿಕೊಡುವ ಕಾರ್ಬ್ಯುರೇಟರ್‌ನ ಬಟ್ಟಲಿನ ಸ್ಕ್ರೂಗಳು ನೋಡಲು ತಲೆಯಲ್ಲಿ ಕೂಡು ಚಿಹ್ನೆಯಂಥ ಸೀಳಿರುವ ಸಾಧಾರಣ ಫಿಲಿಪ್ಸ್‌ನಂತೆಯೇ ಇದ್ದವು. ಬಲ ಹಾಕಿ ತಿರುಗಿಸಿದಷ್ಟೂ ಡ್ರೈವರ್ ಮೇಲಕ್ಕೆ ಜಾರಿ ನಾಲ್ಕರಲ್ಲಿ ಎರಡರ ತಲೆ ಸವೆದುಹೋಯಿತು, ಕೊನೆಗೆ ಡ್ರಿಲ್ ಹಾಕಿ ತೆಗೆಯಬೇಕಾಯಿತು. ಅವು ಜಪಾನೀ ಮಾನಕದ ಸ್ಕ್ರೂಗಳೆಂದೂ, ಅಂಥವುಗಳ ತಲೆಯ ಮೇಲೆ ಹಲವು ಸಲ ಒಂದು ಸಣ್ಣ ಚುಕ್ಕೆಯ ಗುರುತಿರುತ್ತದೆಂದೂ ಆಮೇಲೆ ತಿಳಿಯಿತು. ಅದಕ್ಕೆ ಹೊಂದುವ ಒಂದೇ ಒಂದು ಡ್ರೈವರ್ ತಂದೆ. ಇಂದಿಗೂ ನನ್ನ ಪೆಟ್ಟಿಗೆಯಲ್ಲಿ ನಾನು ಹೆಚ್ಚು ಜೋಪಾನ ಮಾಡುವ ಉಪಕರಣ ಅದು.

ಇಡುವ ಕ್ರಮಕ್ಕೆ ಬಹಳ ಮಾತು ಬೇಡ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದರ ಆಕಾರವನ್ನೂ ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಸಂಜೆ ಯಾವ ಆಕಾರ ಬರಿದಾಗಿ ಕಾಣುತ್ತದೆಯೋ ಆ ಸ್ಪ್ಯಾನರ್ ಎಂಜಿನ್ನಿನ ಸಂದಿಯಲ್ಲಿ ಉಳಿದಿರಬಹುದೆಂದು ಗೊತ್ತಾಗುತ್ತದೆ, ಅದು ಸಿಗುವ ತನಕ ನಾನು ಗಾಡಿ ಸ್ಟಾರ್ಟ್ ಮಾಡುವುದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ತುಕ್ಕು ಕಾಯುವುದೇ ದೊಡ್ಡ ಕೆಲಸ. ಅಂಗೈ ಬೆವರಿನ ಉಪ್ಪೂ ಉಕ್ಕನ್ನು ತಿನ್ನುತ್ತದೆ. ಕೆಲಸ ಮುಗಿದ ಕೂಡಲೇ ಗ್ರೀಸ್ ಒರೆಸಿ, ಒಣಗಿಸಿ, ಎಣ್ಣೆ ಸೋಕಿದ ಬಟ್ಟೆಯನ್ನು ಒಮ್ಮೆ ಆಡಿಸಿದರೆ ಸಾಕು; ಎಣ್ಣೆ ಸುರಿದರೆ ಧೂಳು ಅಂಟುತ್ತದೆ, ಕೈಯೂ ಜಾರುತ್ತದೆ. ಬೋಲ್ಟನ್ನು ಗೊತ್ತುಪಡಿಸಿದಷ್ಟೇ ಬಿಗಿಯಲು ಬಳಸುವ, ಕ್ಲಿಕ್ ಎನ್ನುವ ಟಾರ್ಕ್ ರೆಂಚ್‌ನ ಒಳಗೆ ಸ್ಪ್ರಿಂಗ್ ಇರುವುದರಿಂದ ಅದನ್ನು ಅತಿ ಕಡಿಮೆ ಅಳತೆಗೆ ಇಳಿಸಿಯೇ ಒಳಗಿಡಬೇಕು, ಬಿಗಿದ ಬೋಲ್ಟನ್ನು ಬಿಚ್ಚಲು ಎಂದೂ ಬಳಸಬಾರದು.

ಆಯುಧಪೂಜೆಗೆ ಇವನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತೇವೆ. ಆ ಒದ್ದೆ ಕುಂಕುಮ ಹಾಗೆಯೇ ಉಳಿದರೆ ಅದರಡಿಯಲ್ಲೇ ತುಕ್ಕು ಕೂರುತ್ತದೆ. ಹಾಗಾಗಿ ವಿಜಯದಶಮಿಯ ಬೆಳಿಗ್ಗೆ ನಾನು ಒಂದೊಂದನ್ನೂ ಒರೆಸಿ, ಎಣ್ಣೆ ಸವರಿ, ಹಲಗೆಯ ಮೇಲೆ ಅದರದರ ಆಕಾರದಲ್ಲಿ ತೂಗುಹಾಕುತ್ತೇನೆ.