ಕೌದಿಯೊಳಗಿನ ನಾಯಿ

ಕೇಳುಗರಿಗೆ ನಮಸ್ಕಾರ. ನಮ್ಮ ಮುಧೋಳ ಸೀಮೆಯಲ್ಲಿ ನಾಯಿಯ ಸುದ್ದಿ ಎತ್ತುವವರು ಹುಷಾರಾಗಿ ಮಾತಾಡಬೇಕು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ನಮ್ಮದು! ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ, ನಾಯಿ ಸಾಕಬೇಡಿ ಅನ್ನಲು ನಾನು ಬಂದಿಲ್ಲ. ನನ್ನ ತಕರಾರು ಕೌದಿಯದು, ಅಂದರೆ ನಾಯಿಯನ್ನು ಹಾಸಿಗೆಗೆ ಸೇರಿಸಿಕೊಳ್ಳುವುದರದು.

ಹೋದ ಚಳಿಗಾಲ ಪೂರ್ತಿ ನನಗೆ ನೆಗಡಿ. ರಾತ್ರಿ ಮೂಗು ಕಟ್ಟುವುದು, ಏಳುತ್ತಲೇ ಹತ್ತು-ಹನ್ನೆರಡು ಸೀನು. ಹೊಲಕ್ಕೆ ಹೋಗಿ ತಾಸೆರಡು ತಾಸು ಕಳೆದರೆ ಎಲ್ಲ ಮಾಯ. "ಥಂಡಿ ಹತ್ತೈತಿ, ಕಷಾಯ ಕುಡಿ" ಅಂದಳು ಅವ್ವ. ಕುಡಿದೆ. ಒಂದು ಮುಂಜಾನೆ ಬಿಸಿಲಿಗೆ ಹಾಕಲೆಂದು ಕೌದಿ ಝಾಡಿಸಿದೆ ನೋಡಿ, ಹೊಲಿಗೆಯ ಸಾಲುಸಾಲಿಗೂ ಗಿಡ್ಡ ಬಿಳಿ ಕೂದಲು ಸೂಜಿಯಂತೆ ನೆಟ್ಟುಕೊಂಡಿದ್ದವು. ಓರೆಬಿಸಿಲಿನಲ್ಲಿ ಸಣ್ಣ ಹೊಟ್ಟಿನಂಥ ಧೂಳು ತೇಲುತ್ತಿತ್ತು, ಕೆಳಗಿಳಿಯಲೊಲ್ಲದು. ನಿಂತಲ್ಲೇ ಸೀನಿದೆ. ಚಳಿಗೆ ಪಾಪ ಅಂತ ನಮ್ಮ ನಾಯಿಯನ್ನು ಕೌದಿಯೊಳಗೆ ಸೇರಿಸಿಕೊಂಡವನೂ ನಾನೇ.

ನಾಯಿಕೂದಲು ಎದೆಯೊಳಗೆ ಹೋಗಿ ಗಂಟು ಕಟ್ಟುತ್ತದೆ ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಹಾಗೇನಿಲ್ಲ. ಕೂದಲು ಬರೀ ಬಂಡಿ, ಹೇರು ಬೇರೆ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಕೆಲವು ಪ್ರೋಟೀನುಗಳು ಕೆಲವರ ದೇಹಕ್ಕೆ ಆಗಿಬರುವುದಿಲ್ಲ. ನಾಯಿ ಮೈ ನೆಕ್ಕುತ್ತದೆ, ಜೊಲ್ಲು ಒಣಗುತ್ತದೆ, ಉದುರಿದ ಕೂದಲು ಅದನ್ನು ಹೊತ್ತು ಹಾಸಿಗೆಗೆ ಬರುತ್ತದೆ. ಅದರ ಕಣಗಳು ಎಷ್ಟು ಸಣ್ಣವೆಂದರೆ ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತವೆ. ಆದ್ದರಿಂದ "ನಮ್ಮದು ಗಿಡ್ಡ ಕೂದಲಿನ ಜಾತಿ" ಎಂಬ ಸಮಾಧಾನ ನಡೆಯುವುದಿಲ್ಲ. ದಮ್ಮು ಇದ್ದವರಿಗಂತೂ ಸೀನಿಗೇ ಮುಗಿಯದೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು ಶುರುವಾಗಬಹುದು. ಆಗ ಕಷಾಯ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಉಣ್ಣಿ, ಚಿಗಟ, ಗಜಕರ್ಣ ಇವೂ ಹಾಸಿಗೆಗೆ ಬರುವ ನೆಂಟರೇ.

ನಿದ್ದೆಯ ಮಾತೂ ಇದೆ. 2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು 40 ಜನರ ನಿದ್ದೆ ಅಳೆದರು. ನಾಯಿ ಕೋಣೆಯಲ್ಲಿದ್ದರೆ ತೊಂದರೆ ಕಾಣಲಿಲ್ಲ, ಹಾಸಿಗೆ ಏರಿದಾಗ ನಿದ್ದೆ ತುಸು ಕೆಟ್ಟಿತು. ಅವರು ಅಳೆದದ್ದು ಆರೋಗ್ಯವಂತರ ನಿದ್ದೆ. ನನ್ನಂಥ ಸೀನುವವನಿಗೆ ಕೋಣೆಯೂ ಬೇಡ.

ಸ್ನಾನ ಮಾಡಿಸಿದರಾಯಿತಲ್ಲ ಎನ್ನಬಹುದು. ಉಪಯೋಗವಿದೆ, ಆದರೆ ನಾಲ್ಕು ದಿನದಲ್ಲಿ ಎಲ್ಲ ಮೊದಲಿನಂತೆ. ಕೌದಿಯ ಕಥೆ ಇನ್ನೂ ಕಷ್ಟ. ವರ್ಷಕ್ಕೊಮ್ಮೆ ಘಟಪ್ರಭೆಗೆ ಹೊತ್ತೊಯ್ದು ಒಗೆಯುವ ಭಾರದ ವಸ್ತು ಅದು. ನಾನೀಗ ಅದರ ಮೇಲೊಂದು ಚಾದರ ಹೊದಿಸಿ, ವಾರಕ್ಕೊಮ್ಮೆ ಚಾದರವನ್ನು ಬಿಸಿನೀರಿನಲ್ಲಿ ಒಗೆಯುತ್ತೇನೆ. ನಾಯಿಯ ಮೈ ಬಾಚುವುದು ಅಂಗಳದಲ್ಲಿ.

ನಾಯಿಗೆ ಪಡಸಾಲೆಯಲ್ಲಿ ಗೋಣಿಚೀಲ ಮಡಚಿ ಹಾಸಿದೆ. ಎರಡು ರಾತ್ರಿ ಬಾಗಿಲು ಕೆರೆಯಿತು. ಮೂರನೆಯ ರಾತ್ರಿ ಸದ್ದೇ ಇಲ್ಲ. ತಡೆಯಲಾರದೆ ನಾನೇ ಎದ್ದು ಬಾಗಿಲು ತೆರೆದು ನೋಡಿದೆ. ಗೊರಕೆ ಹೊಡೆಯುತ್ತಿತ್ತು.