ಬಲ್ಬು ಇಷ್ಟು ಬೆಳಗ್ತಿದ್ರೂ ಪುಟ ಯಾಕೆ ಮಂಕು? ರಾತ್ರಿ ಓದಿಗೆ ಸರಿಯಾದ ದೀಪ

[ಪರದೆ: ಮಂಚ, ಸೀಲಿಂಗ್‌ನಲ್ಲಿ ಬಲ್ಬು, ಕೈಯಲ್ಲಿ ಪುಸ್ತಕ]

ಸೀಲಿಂಗ್‌ನಲ್ಲಿ 9 ವ್ಯಾಟ್ ಎಲ್‌ಇಡಿ. ರೂಮೆಲ್ಲಾ ಬೆಳಕು. ಆದರೂ ಪುಸ್ತಕ ಬಿಡಿಸಿದ್ರೆ ಒತ್ತಕ್ಷರ ಮಸುಕು, ‘ದ’ನೋ ‘ಧ’ನೋ ಅಂತ ಎರಡು ಸಲ ನೋಡ್ಬೇಕು. ಎರಡಕ್ಕೂ ಇರೋ ವ್ಯತ್ಯಾಸವೇ ಕೆಳಗಿನ ಒಂದು ಸಣ್ಣ ಸೀಳು!

ಬಲ್ಬು ಹೊರಗೆ ಚೆಲ್ಲೋ ಒಟ್ಟು ಬೆಳಕು ಲೂಮೆನ್. ಪುಟದ ಮೇಲೆ ಎಷ್ಟು ದಟ್ಟವಾಗಿ ಬಿತ್ತು ಅನ್ನೋದು ಲಕ್ಸ್. ಓದೋಕೆ 300ರಿಂದ 500 ಲಕ್ಸ್ ಬೇಕು. ಮುಂದೆ ಹೋಗೋಣ.

[ಪರದೆ: ಕಾವಲಿ, ಒಂದು ಸೌಟು ಹಿಟ್ಟು]

ಒಂದು ಸೌಟು ದೋಸೆ ಹಿಟ್ಟು. ಒಂದು ಗೇಣು ಅಗಲ ಹುಯ್ದ್ರೆ ಸೆಟ್ ದೋಸೆ. ಅದೇ ಸೌಟನ್ನ ಎರಡು ಗೇಣಿಗೆ ಎಳೆದ್ರೆ ದಪ್ಪ ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಉದ್ದಕ್ಕೂ ಹರಡ್ತು, ಅಡ್ಡಕ್ಕೂ ಹರಡ್ತು. ಮೂರು ಗೇಣಿಗೆ ಎಳೀರಿ, ಒಂಬತ್ತರಲ್ಲಿ ಒಂದು ಪಾಲು: ಪೇಪರ್ ದೋಸೆ. ಹಿಟ್ಟು ಅಷ್ಟೇ ಇದೆ, ನೋಡಿ!

ಬೆಳಕಿನ ಲೆಕ್ಕವೂ ಇದೇ: ದೂರ ಎರಡು ಪಟ್ಟಾದ್ರೆ ಅದೇ ಬೆಳಕು ಉದ್ದಕ್ಕೂ ಅಡ್ಡಕ್ಕೂ ಎರಡು ಪಟ್ಟು ಹರಡುತ್ತೆ. 2 ಮೀಟರ್ ಮೇಲಿರೋ ಆ ಬಲ್ಬಿಂದ ಪುಟಕ್ಕೆ ನೇರವಾಗಿ ಬರೋದು ಸುಮಾರು 25–30 ಲಕ್ಸ್. ಅರ್ಧ ಮೀಟರ್‌ಗೆ ತನ್ನಿ, 16 ಪಟ್ಟು: 400 ದಾಟುತ್ತೆ. ಹಾಗಾಗಿ ದೊಡ್ಡ ಬಲ್ಬಿಗೆ ದುಡ್ಡು ಹಾಕ್ಬೇಡಿ, ಹತ್ತಿರದ ದೀಪಕ್ಕೆ ಹಾಕಿ. ಶೇಡಿನ ಒಳಗೆ ಬಿಳಿ ಬಣ್ಣ ಇದ್ರೆ 5 ವ್ಯಾಟ್ ಸಾಕು.

ದೀಪ ಭುಜದ ಹಿಂದೆ, ಒಂದು ಪಕ್ಕಕ್ಕಿರಲಿ. ಶೇಡಿನ ಕೆಳ ಅಂಚು ಕಣ್ಣಿನ ಮಟ್ಟಕ್ಕೆ ಬಂದ್ರೆ ಬಲ್ಬು ಕಣ್ಣಿಗೆ ಹೊಡೆಯಲ್ಲ. ನುಣುಪು ಕಾಗದ ಮಿಂಚ್ತಿದ್ರೆ ದೀಪವನ್ನ ಇನ್ನೂ ಪಕ್ಕಕ್ಕೆ ಸರಿಸಿ.

ಬಣ್ಣ: ಸುಮ್ನೆ ಬಲ್ಬು ಕೊಡಿ ಅಂದ್ರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು 6500 ಕೆಲ್ವಿನ್, ಅಂದ್ರೆ ನೀಲಿ ಛಾಯೆಯ ಬಿಳಿ (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ). ವಾರ್ಮ್ ವೈಟ್, 2700 ಅಂತಲೇ ಕೇಳಿ. ಕಣ್ಣಲ್ಲಿ ಹಗಲು–ರಾತ್ರಿ ಗುರುತಿಸೋ ಬೇರೆಯೇ ಜೀವಕೋಶಗಳಿವೆ. 480 ನ್ಯಾನೊಮೀಟರ್ ತರಂಗಾಂತರದ ಹತ್ತಿರದ ನೀಲಿಗೆ ಅವು ಹೆಚ್ಚು ಸ್ಪಂದಿಸ್ತವೆ, ನಿದ್ದೆಯ ಹಾರ್ಮೋನ್ ಮೆಲಟೋನಿನ್ ತಡೀತವೆ. 2700ರಲ್ಲಿ ಆ ನೀಲಿ ಕಡಿಮೆ.

ಟೈಮ್ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ಫೋನಿನ ಸ್ಲೋ ಮೋಷನ್‌ನಲ್ಲಿ ದೀಪ ನೋಡಿ. ಬೆಳಕು ಪಟಪಟ ಬಡಿದ್ರೆ ಬಿಟ್ಟುಬಿಡಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ಕಳಪೆ ಡ್ರೈವರ್ (ಎಲ್‌ಇಡಿಗೆ ಕರೆಂಟು ಹೊಂದಿಸಿ ಕೊಡೋ ಸರ್ಕ್ಯೂಟ್) ಇದ್ರೆ ಬೆಳಕು ಸೆಕೆಂಡಿಗೆ 100 ಸಲ ಮಿಡಿಯುತ್ತೆ. ಕ್ಲಿಪ್ ದೀಪವಾದ್ರೆ ಬೆಳಕು ತಗ್ಗಿಸಿಯೂ ನೋಡಿ, ಕೆಲವು ಆಗಲೇ ಮಿಡಿಯೋದು. ರೂಮಿನ ಮೂಲೆಯಲ್ಲಿ ಸಣ್ಣ ಬೆಳಕೊಂದು ಇರಲಿ, ಕಗ್ಗತ್ತಲಲ್ಲಿ ಬಿಳಿ ಪುಟ ಕಣ್ಣು ದಣಿಸುತ್ತೆ. 60 ದಾಟಿದವರಿಗೆ ಬೆಳಕು ಜಾಸ್ತಿ ಬೇಕು. ದೀಪ ಹತ್ತಿರ ಮಾಡಿ, ಬಣ್ಣ ಬದಲಿಸ್ಬೇಡಿ.

ಬಲ್ಬು ತರೋ ಮುಂಚೆ ಹೋಲ್ಡರ್ ನೋಡ್ಕೊಳ್ಳಿ: ಮನೆಯದ್ದು ಸಾಮಾನ್ಯವಾಗಿ ಪಿನ್ನಿನ ಬಿ22, ಎಷ್ಟೋ ಟೇಬಲ್ ಲ್ಯಾಂಪಿಂದು ತಿರುಗಿಸಿ ಹಾಕೋ ಇ27.